‘ಹೋದ’ ಎಂದದ್ದನ್ನು ‘ಹೋದರು’ ಎಂದು ತಿದ್ದಿದೆ

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗಿಯರಿಗೆ ನನ್ನ ಮೊದಲ ಮಾತು ಇದು: ಒಬ್ಬರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ ಮೇಲೆ ಬಸ್ಸಿನ ವೇಳೆ ನೋಡಬೇಡಿ. ನಾನು ನೋಡಿದೆ. ಆಮೇಲೆ ಆದದ್ದನ್ನು ಬರೆದು ಮುಗಿಸುವವರೆಗೆ ನನಗೆ ಸಮಾಧಾನವಿಲ್ಲ. ಬರೆದ ಮೇಲೂ ಆದೀತು ಎಂಬ ಖಾತ್ರಿ ಇಲ್ಲ.

ಆಳಂದದ ಒಂದು ಪ್ರೆಸ್ಸಿನಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಪ್ರೂಫ್ ನೋಡಿದವಳು. ಮದುವೆ ಕಾರ್ಡು, ಕರಪತ್ರ, ಪುಣ್ಯತಿಥಿಯ ಪತ್ರಿಕೆ, ಸಾಲೆಯ ಹಾಜರಿ ಪುಸ್ತಕ, ಏನು ಬಂದರೂ ಕೆಂಪು ಪೆನ್ನು ಹಿಡಿದು ಕೂಡುತ್ತಿದ್ದೆ. ಒಮ್ಮೆ ಒಬ್ಬರು ತಹಶೀಲ್ದಾರ್ ಕಚೇರಿಗೆ ಕೊಡಲು ಬರೆಸಿದ್ದ ವಂಶಾವಳಿಯ ಹಾಳೆ ತಂದು, “ಇದನ್ನ ಬುಕ್ ಮಾಡಿ ಕೊಡ್ರಿ, ಮೊಮ್ಮಕ್ಕಳಿಗೆ ಇರ್ಲಿ” ಎಂದರು. ಬರೀ ಹೆಸರು, ಗೆರೆ, ಮತ್ತೆ ಹೆಸರು. ಅದನ್ನು ಪುಸ್ತಕ ಮಾಡುವುದೆಂದರೆ ಆ ಗೆರೆಗಳ ನಡುವೆ ಇದ್ದ ಮಂದಿ ಏನು ಉಂಡರು, ಎಲ್ಲಿಂದ ಬಂದರು, ಹೇಗೆ ಸತ್ತರು ಎಂದು ಕೇಳಿ ಬರೆಯಬೇಕು. ಮಾಲಕರು ನನ್ನ ಕಡೆ ನೋಡಿದರು. ಹಾಗೆ ಶುರುವಾದದ್ದು ಮನೆತನದ ಪುಸ್ತಕಗಳ ಕೆಲಸ. ನಿವೃತ್ತಿಯಾಗುವವರೆಗೆ ಬಿಡಲಿಲ್ಲ.

ನಾನು ನಿಂತಲ್ಲಿ ನಿಲ್ಲುವವಳಲ್ಲ. “ಕಾಲಾಗ ಚಕ್ರ ಅದ ಇಕಿಗಿ” ಎಂದು ನಮ್ಮವ್ವ ಬೈಯುತ್ತಿದ್ದಳು. ಒಂದು ಊರಿನಲ್ಲಿ ಕೂತಿದ್ದರೆ ಮನಸ್ಸು ಮುಂದಿನ ಊರಿನಲ್ಲಿ. ತಿರುಗಾಟದ ಕೆಲಸಕ್ಕೆ ಇದು ಒಳ್ಳೆಯ ಗುಣ ಎಂದು ನಾನೇ ಹೆಮ್ಮೆಪಟ್ಟುಕೊಂಡಿದ್ದೆ. ಎಂಥ ಹೆಮ್ಮೆ, ಮಣ್ಣು!

ಮಾಲಕರು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದ ಮನುಷ್ಯ. ದನಿ ದೊಡ್ಡದು, ನಗು ಕಡಿಮೆ. “ಮದುವಿ ಕಾರ್ಡ್ ತಪ್ಪಾದ್ರ ಮಂದಿ ನಕ್ಕು ಬಿಡ್ತಾರ. ಇದು ತಪ್ಪಾದ್ರ ಅಳೋರು ಇರ್ತಾರವ್ವಾ” ಎನ್ನುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು. ಪುಸ್ತಕಕ್ಕೆ ಹೋಗುವ ಪ್ರತಿ ಹೆಸರಿಗೆ ಒಂದು ಕಾಗದ ಇರಬೇಕು, ಇಲ್ಲವಾದರೆ ಮೂರು ಬಾಯಿ ಬೇರೆ ಬೇರೆ ಕೂತು ಅದನ್ನೇ ಹೇಳಬೇಕು. ಇನ್ನೊಂದು: ಮದುವೆಯಾಗದೆ ತೀರಿಕೊಂಡವರನ್ನು ವಂಶದ ಗಿಡದಲ್ಲಿ ತೋರಿಸುವ ರೂಢಿ ಇಲ್ಲ. ಮುಂದೆ ಟೊಂಗೆ ಇಲ್ಲದವರಿಗೆ ಜಾಗ ಯಾಕೆ ಎಂಬುದು ಅವರ ಲೆಕ್ಕ. ಎರಡನ್ನೂ ನಾನು ಬಾಯಿಪಾಠ ಮಾಡಿದ್ದೆ.

ನನ್ನ ಮೊದಲ ದೊಡ್ಡ ತಪ್ಪು ಅಫಜಲಪುರ ತಾಲೂಕಿನದು. ಹವಳಗಾದ ಹತ್ತಿರದ ಒಂದು ಒಕ್ಕಲುತನದ ಮನೆ. ನಮ್ಮ ಕಡೆ ಸತ್ತ ಅಜ್ಜನ, ನಮ್ಮ ಮಾತಿನಲ್ಲಿ ಮುತ್ಯಾನ, ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಹಾಗಾಗಿ ಗುರಪ್ಪನ ಮಗ ಭೀಮಶಾ, ಭೀಮಶಾನ ಮಗ ಗುರಪ್ಪ, ಅವನ ಮಗ ಮತ್ತೆ ಭೀಮಶಾ. ನಾನು ಅವಸರದಲ್ಲಿ ನಡುವಿನ ಇಬ್ಬರನ್ನು ನುಂಗಿಬಿಟ್ಟೆ. ಪ್ರೂಫನ್ನು ಅವರ ಮನೆಯಲ್ಲಿ ಎಲ್ಲರನ್ನೂ ಕೂಡಿಸಿ ಓದುತ್ತಿದ್ದಾಗ, ಶೇಂಗಾ ಸುಲಿಯುತ್ತ ಕೂತಿದ್ದ ಹೊಸ ಸೊಸೆ ತಲೆ ಎತ್ತಿದಳು.

“ಅಕ್ಕೋರ, ನೀವು ಬರದಿದ್ದು ಲೆಕ್ಕಾ ಹಾಕಿದ್ರ ಮುತ್ಯಾಗ ನೂರಾ ಹತ್ತು ವರ್ಷಕ್ಕ ಗಂಡ ಮಗ ಹುಟ್ಟ್ಯಾನ್ರಿ.”

ಅವಳು ಮತ್ತೆ, “ನಮ್ಮ ಮನಿಯವರಿಗೆ ಇದ್ ಹೇಳಬ್ಯಾಡ್ರಿ. ಇನ್ನೂ ಟೈಮ್ ಅದ ಅಂತ ಆರಾಮ ಕುಂತಾರು” ಎಂದಳು. ಮನೆ ಮನೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಪ್ರೆಸ್ಸಿಗೆ ಬಂದು ಹೇಳಿದಾಗ ಮಾಲಕರು ನಗಲಿಲ್ಲ. ಪ್ರೂಫಿನ ಹಾಳೆಗಳನ್ನು ನನ್ನ ಮುಂದೆ ಇಟ್ಟು, “ಇನ್ನ ಮ್ಯಾಲ ಯಾವ ಹೆಸರು ಕೇಳಿದ್ರೂ ‘ಯಾವ’ ಅಂತ ಕೇಳು. ಯಾವ ಗುರಪ್ಪ? ಯಾವ ಭೀಮಶಾ?” ಎಂದರು. ಅದನ್ನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಮೊದಲ ಪುಟವನ್ನು ಯಾರು ತಿರುಗಿ ನೋಡುತ್ತಾರೆ?

ಎರಡನೆಯ ಪಾಠ ಜೇವರ್ಗಿಯಲ್ಲಿ ಆಯಿತು. ಅಲ್ಲಿಯ ಒಬ್ಬ ವಕೀಲರು ತಮ್ಮ ಮನೆತನದ ಪುಸ್ತಕ ಬರೆಸಿದರು. ಬೌದ್ಧ ಮನೆತನ. ಅಜ್ಜ ಕೂಲಿ ಮಾಡಿದವರು, ತಂದೆ ಒಕ್ಕಲುತನ ಮಾಡಿದವರು. ಹಳೆಯ ಜಮೀನಿನ ಕಾಗದ ತೆಗೆಸಿದಾಗ ಅದರಲ್ಲಿ ಅಜ್ಜನ ಹೆಸರು ‘ಮಲ್ಲ್ಯಾ’ ಎಂದಿತ್ತು. ಕಾಗದ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ನಾನು ಹಾಗೇ ಇಳಿಸಿದೆ. ವಕೀಲರು ಓದಿ, ಹಾಳೆ ಕೆಳಗಿಟ್ಟು ಕೇಳಿದರು:

“ನಿಮ್ಮ ಮುತ್ಯಾನ ಹೆಸರು ಏನ್ರಿ ಅಕ್ಕೋರ?”

“ಸಿದ್ದಪ್ಪ ಅಂತರಿ.”

“ನಾಳೆ ನಿಮ್ಮ ಮನೆತನದ ಪುಸ್ತಕ ಬರದ್ರ ಸಿದ್ದ್ಯಾ ಅಂತ ಹಾಕ್ತೀರೇನ್ರಿ?”

“ಕಾಗದದಾಗ ಹಂಗ ಅದರಿ” ಎಂದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು.

“ಕಾಗದ ಬರದವ ನಮ್ಮ ಮುತ್ಯಾನ ಮಗ ಅಲ್ರಿ. ನಮ್ಮ ಮನ್ಯಾಗ ಅವರು ಮಲ್ಲಪ್ಪ.”

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಜಗಳ ಮಾಡಬಹುದಿತ್ತು. ಆ ಪುಸ್ತಕದಲ್ಲಿ ಮಲ್ಲಪ್ಪನವರು ಮಲ್ಲಪ್ಪನವರಾಗಿಯೇ ಬಂದರು. ಅವತ್ತಿನಿಂದ ನನಗೊಂದು ಹುಚ್ಚು ಹಿಡಿಯಿತು. ಹಿರಿಯರ ಬಗ್ಗೆ ಎಲ್ಲಿ ‘ಬಂದ’, ‘ಹೋದ’ ಎಂದು ಏಕವಚನ ಕಂಡರೂ ಕೆಂಪು ಪೆನ್ನಿನಿಂದ ಒಂದು ‘ರು’ ಸೇರಿಸುವುದು. ಯಾರ ಅಜ್ಜನೂ ನನ್ನ ಕೈಯಲ್ಲಿ ಮರ್ಯಾದೆ ಕಳೆದುಕೊಳ್ಳಬಾರದು ಎಂದು. ಆ ‘ರು’ವೇ ಮುಂದೆ ನನ್ನ ಕೊರಳಿಗೆ ಬಂತು.

ಈಗ ನರೋಣಾದ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಇದನ್ನು ಹೇಳಲು ಧೈರ್ಯ ತಂದುಕೊಳ್ಳಲಿಕ್ಕೆ.

ನರೋಣಾದಲ್ಲಿ ಬಸಣ್ಣ ಎಂಬ ರೈತರು ಮನೆತನದ ಪುಸ್ತಕ ಬರೆಸಿದರು. ಅರವತ್ತರ ಹತ್ತಿರದ ವಯಸ್ಸು. ಅವರ ಮನೆತನ ಮೊದಲು ಗಡಿಯ ಕಡೆ ಹಿರೋಳ್ಳಿಯಲ್ಲಿ ಇತ್ತು, ಅವರು ಹುಟ್ಟುವ ಮೊದಲೇ ಇಲ್ಲಿಗೆ ಬಂದದ್ದು. ಹಿರೋಳ್ಳಿಯ ಸಂಗತಿ ತಿಳಿದವರು ಎಂದು ಮನೆಯಲ್ಲಿ ಉಳಿದವರು ಅವರ ತಾಯಿ ನಾಗಮ್ಮ ಒಬ್ಬರೇ. ಎಂಬತ್ತು ದಾಟಿದ ಹೆಣ್ಣುಮಗಳು, ಕಿವಿ ಚುರುಕು, ಮಾತು ಕಡಿಮೆ. ನಾನು ಹೋದದ್ದು ಬಿಸಿಲಿನಲ್ಲಿ. ಅವರು ಒಂದು ಚರಿಗೆ ತುಂಬ ಜೋಳದ ಅಂಬಲಿ ತಂದು ಮುಂದಿಟ್ಟು, “ತಂಪಂದು ಕುಡೀರಿ ಅಕ್ಕೋರ” ಎಂದರು. ಅಂಬಲಿಗೆ ‘ತಂಪಂದು’ ಎನ್ನುವುದು ಕೇಳಿರಲಿಲ್ಲ. ಚಂದ ಅದ ಮಾತು ಅಂದುಕೊಂಡು ಗಟಗಟ ಕುಡಿದೆ. ಆ ಒಂದು ಮಾತಿನಲ್ಲಿ ಎಲ್ಲವೂ ಇತ್ತು, ನನಗೆ ಹೊಳೆಯಲಿಲ್ಲ.

ಮಾತು ಎರಡು ತಾಸು ನಡೆಯಿತು. ಪ್ರೆಸ್ಸಿನ ಹುಡುಗಿಯೊಬ್ಬಳು ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದನ್ನು ಕಲಿಸಿದ್ದಳು. ಅದನ್ನು ಹಚ್ಚಿಟ್ಟು, ಹಳೆಯ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲೂ ಬರೆಯುತ್ತಿದ್ದೆ. ಅಷ್ಟರಲ್ಲಿ ಆಳಂದದ ಬಸ್ಸಿನ ಹಾರ್ನ್ ಕೇಳಿತು. ನನ್ನ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಚೀಲಕ್ಕೆ ಕೈ ಹಾಕುತ್ತಲೇ ಕೊನೆಯ ಪ್ರಶ್ನೆ ಎಸೆದೆ: “ಮನ್ಯಾಗ ಯಾರ್ ಯಾರು ಹೆಂಗ ತೀರಕೊಂಡ್ರು, ಅಷ್ಟ ಹೇಳ್ರಿ ಜಲ್ದಿ.”

ಸಾವನ್ನು ಜಲ್ದಿ ಹೇಳಿ ಎಂದು ಕೇಳಿದ ಹೆಂಗಸು ನಾನು.

ಅವರು ಹೇಳಿದರು. ನಾನು ನಿಂತುಕೊಂಡೇ ಗೀಚಿದೆ. ‘ಮುತ್ಯಾ ಬಾವಿಯಲ್ಲಿ ಹೋದರು, ಜೋಳದ ಸುಗ್ಗಿ’ ಎಂದು ಬರೆದೆ. ಮುತ್ಯಾ ಎಂದರೆ ಬಸಣ್ಣನವರ ಅಜ್ಜ, ನಾಗಮ್ಮನ ಮಾವ. ಅವರ ಹೆಸರು ಅಂಬಾರಾಯ ಎಂದು ಜಮೀನಿನ ಕಾಗದದಲ್ಲಿ ಇತ್ತು. ಸರಿಯಾಯಿತು, ಬಸ್ಸೂ ಸಿಕ್ಕಿತು.

ಒಂದು ತಿಂಗಳಿಗೆ ಪ್ರೂಫ್ ತೆಗೆದುಕೊಂಡು ಹೋಗಿ ಪಡಸಾಲೆಯಲ್ಲಿ ಓದಿದೆ. “ಅಂಬಾರಾಯರು ಜೋಳದ ಸುಗ್ಗಿಯ ಕಾಲದಲ್ಲಿ ಹಿರೋಳ್ಳಿಯ ಹೊಲದ ಬಾವಿಗೆ ಬಿದ್ದು ತೀರಿಹೋದರು” ಎಂದು ಓದಿದ ಕೂಡಲೇ ನಾಗಮ್ಮ ಎದ್ದು ಒಳಗೆ ಹೋದರು. ನೀರಡಿಕೆಯಾಗಿರಬೇಕು ಎಂದುಕೊಂಡೆ. ಬಸಣ್ಣ ಮುಖ ಗಂಟಿಕ್ಕಿದರು.

“ಮುತ್ಯಾ ಬಾವ್ಯಾಗ ಅಲ್ರಿ. ಜ್ವರಾ ಬಂದು ಹೋದ್ರು ಅಂತ ನಮ್ಮಪ್ಪ ಹೇಳತಿದ್ದ.”

“ನಿಮ್ಮ ಅವ್ವಾರೇ ಹೇಳ್ಯಾರಲ್ರಿ.”

“ಯವ್ವಾ, ಏನ್ ಹೇಳೀದಿ ಅಕ್ಕೋರಿಗೆ?” ಎಂದು ಅವರು ಒಳಗಿನ ಕಡೆಗೆ ಕೂಗಿದರು.

ಒಳಗಿನಿಂದ ದನಿ ಬಂತು: “ತಪ್ಪ ಹೇಳಿರಬೇಕು ಬಿಡ್ರೆಪಾ. ವಯಸ್ಸಾತು.”

ನಾನು ಬಾವಿಯ ಸಾಲನ್ನು ಹೊಡೆದುಹಾಕಿ ‘ಜ್ವರದಿಂದ’ ಎಂದು ಬರೆದೆ. ಕೆಂಪು ಗೆರೆ ನೆಟ್ಟಗೆ ಎಳೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಲ್ಲಿಂದ ಬಂದ ಮೇಲೆ ಕೈ ಕೆಲಸದಲ್ಲಿ ನಿಲ್ಲಲಿಲ್ಲ. ಒಂದು ಮದುವೆ ಕಾರ್ಡಿನಲ್ಲಿ ವರನ ಹೆಸರಿನ ಜಾಗದಲ್ಲಿ ಮಾವನ ಹೆಸರು ಇದ್ದದ್ದು ಕಣ್ಣಿಗೆ ಬೀಳಲಿಲ್ಲ. ಮಾಲಕರು ಬೈದರು, ಅದೂ ತಾಗಲಿಲ್ಲ. ಮರೆತು ತಪ್ಪು ಹೇಳಿದ ಮುದುಕಿಯ ದನಿ ಹಾಗಿರುವುದಿಲ್ಲ ಎಂದು ಒಂದೇ ಸಮನೆ ಅನ್ನಿಸುತ್ತಿತ್ತು. ಮೂರನೆಯ ದಿನ, ಎಲ್ಲರೂ ಊಟಕ್ಕೆ ಹೋದಾಗ, ಮೊಬೈಲು ಕಿವಿಗೆ ಹಿಡಿದು ಆ ಕೊನೆಯ ಭಾಗ ಕೇಳಿದೆ. ಹಾರ್ನಿನ ಸದ್ದು, ನನ್ನ ಚೀಲದ ಸದ್ದು, ನಡುವೆ ನಾಗಮ್ಮ:

“ಅತ್ತಿ ಬ್ಯಾನಿ ಬಂದು ಹೋದ್ರು. ಭಾವ ಹಾವು ಕಡದು ಹೋದ್ರು. ಜ್ವಾಳದ ಸುಗ್ಯಾಗ ಮುತ್ಯಾ ಬಾವ್ಯಾಗ ಹೋದ.”

ಮತ್ತೆ ಕೇಳಿದೆ. ಹೋದ್ರು, ಹೋದ್ರು, ಹೋದ.

ನಮ್ಮ ಸೀಮೆಯಲ್ಲಿ ಯಾವ ಸೊಸೆ ಮಾವನಿಗೆ ‘ಹೋದ’ ಎನ್ನುತ್ತಾಳೆ? ನೋಟ್‌ಬುಕ್ ತೆಗೆದು ನೋಡಿದೆ. ನನ್ನ ಅಕ್ಷರದಲ್ಲಿ ‘ಹೋದರು’ ಎಂದಿತ್ತು. ಕೇಳುವಾಗಲೇ ತಿದ್ದಿಕೊಂಡಿದ್ದೆ. ಮೂವತ್ತು ವರ್ಷ ಅಕ್ಷರ ಅಕ್ಷರ ಕಾಯ್ದವಳು, ಒಬ್ಬ ತಾಯಿ ಸರಿಯಾಗಿ ಹೇಳಿದ್ದನ್ನು ತಪ್ಪು ಮಾಡಿಟ್ಟಿದ್ದೆ. ಊಟದ ಡಬ್ಬಿ ಮುಚ್ಚಿ ಬಸ್ ಸ್ಟ್ಯಾಂಡಿಗೆ ನಡೆದೆ.

ನಾಗಮ್ಮ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ತೊಗರಿ ಬೇಳೆ ಹಸನು ಮಾಡುತ್ತಿದ್ದರು. ನಾನು ಎದುರಿಗೆ ಕೂತೆ. ಮಾಲಕರ ಪ್ರಶ್ನೆಯನ್ನು ಕೊನೆಗೂ ಕೇಳಿದೆ.

“ನಾಗಮ್ಮಾರ, ಯಾವ ಮುತ್ಯಾ?”

ಮೊರದ ಮೇಲಿನ ಕೈ ನಿಂತಿತು.

“ನನ್ನ ಮಗ್ರಿ” ಎಂದರು.

ಆಮೇಲೆ ಅವರು ಹೇಳಿದ್ದನ್ನು ಬರೆಯಲು ನಾನು ಪೆನ್ನು ತೆಗೆಯಲಿಲ್ಲ. ನೆನಪಿನಿಂದಲೇ ಹೇಳುತ್ತೇನೆ.

“ಮಾಂವನ್ನ ನಾ ನೋಡೇ ಇಲ್ರಿ. ನನ್ನ ಲಗ್ನಾ ಆಗೂದ್ರಾಗ ಹೋಗಿದ್ರು. ಮೊದಲ ಮಗ ಹುಟ್ಟಿದಾಗ ಅವರ ಹೆಸರೇ ಇಟ್ರು. ಸೊಸಿ ಆಗಿ ನಾ ಹೆಂಗ ಆ ಹೆಸರ ಅನ್ಲಿ? ಮುತ್ಯಾ ಅಂದೆ. ನಾ ಅಂದಿದ್ದೇ ಎಲ್ಲಾರೂ ಅಂದ್ರು. ಆರು ವರ್ಷದಾಂವ ಇದ್ದರಿ. ಸುಗ್ಯಾಗ ಕೂಲಿ ಮಂದಿ ಆಚಿ ಕಡಿಂದ ಬಂದಿದ್ರು, ಮರಾಠಿ ಮಂದಿ. ನಾ ಬಾವಿ ಕಡಿಂದ ಒದರಕೋತ ಓಡಿ ಬಂದೆ, ಮುತ್ಯಾ ಬಿದ್ದ, ಮುತ್ಯಾ ಬಿದ್ದ ಅಂತ. ಅವರು ಗುಡಸಲಕ್ಕ ಓಡಿದ್ರು. ಅಲ್ಲಿ ನಮ್ಮ ಮಾಂವನ ಅಣ್ಣ ಮಲಗಿದ್ರು, ಅವರಿಗೆ ಆ ಮುದುಕನೇ ಮುತ್ಯಾ. ಎಬ್ಬಿಸಿ, ಕೂಡಿಸಿ, ನೀರ ಕುಡಿಸಿದ್ರು. ಮುತ್ಯಾ ಆರಾಮ ಅದಾನ, ಅಳಬ್ಯಾಡ ಅಂತ ನನಗ ಸಮಾಧಾನ ಮಾಡಿದ್ರು.”

ಅವರು ಬೇಳೆಯಲ್ಲಿ ಒಂದು ಕಲ್ಲು ಹುಡುಕಿ ತೆಗೆದರು. ತೆಗೆದ ಕಲ್ಲನ್ನು ಬಿಸಾಡಲಿಲ್ಲ, ಹಿಡಿದುಕೊಂಡೇ ಇದ್ದರು.

“ಮಗ ಅಂತ ಒದರಿದ್ರ ಆಗ್ತಿತ್ತು. ಬಾಯಿಗಿ ಬರಲಿಲ್ರಿ. ಬಸಣ್ಣನ ಅಪ್ಪ ಆ ಹೊಲಾ ಬಿಟ್ರು, ಊರ ಬಿಟ್ರು. ಆ ಹೆಸರ ಮತ್ತ ಮನ್ಯಾಗ ಯಾರೂ ಎತ್ತಬ್ಯಾಡ್ರಿ ಅಂದ್ರು. ಅವತ್ತ ಆ ಕೂಲಿ ಮಂದಿ ಮುದುಕನ್ನ ನೋಡಾಕ ಹೋದ್ರು. ಈಗ ನೀವೂ ಮುದುಕನ ಕಡೀಗೇ ಹೋದ್ರಿ ಅಕ್ಕೋರ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂಬಾರಾಯ ಎಂಬುದರ ‘ಅಂಬ’ ಕೂಡ ಬಾಯಿಗೆ ಬರಬಾರದೆಂದು ಅಂಬಲಿಗೂ ಬೇರೆ ಹೆಸರು ಹುಡುಕಿಕೊಂಡವರು ಆಕೆ, ನಾನು ಅದನ್ನು ಮಾತಿನ ಚಂದ ಎಂದುಕೊಂಡು ಕುಡಿದಿದ್ದೆ. ನಾನೂ ಇದೇ ಸೀಮೆಯವಳು. ನಮ್ಮವ್ವನೂ ತನ್ನ ಮಾವನ ಹೆಸರಿದ್ದ ನನ್ನ ತಮ್ಮನನ್ನು ಹೆಸರು ಹಿಡಿಯದೆ ‘ಅಪ್ಪಾಜಿ’ ಎಂದೇ ಕರೆದಳು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲೂ ನನಗೆ ದಾರಿಯಿಲ್ಲ.

ಬಸಣ್ಣ ಹೊಲದಿಂದ ಬಂದಾಗ ಅವರ ಮುಂದೆ ಎಲ್ಲ ಹೇಳಿದೆ. ಅವರು ಕಟ್ಟೆಗೆ ಒರಗಿ ಹಾಗೇ ಕೆಳಗೆ ಕೂತರು. “ಒಂದು ಕೂಸು ಹೋಗಿತ್ತು ಅಂತ ಕೇಳಿದ್ನಿ. ಹಸುಗೂಸು ಅಂತ ತಿಳಕೊಂಡಿದ್ನಿ. ಆರು ವರ್ಷದಾಂವ ಇದ್ದನೇನ್ ಯವ್ವಾ?” ಎಂದರು. ತಾಯಿ ಹೌದೆಂದು ಗೋಣು ಹಾಕಿದರು. ಬಸಣ್ಣ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಬುಕ್ಕಿನಾಗ ಹಾಕ್ರಿ ಅಕ್ಕೋರ. ನನ್ನ ಹೆಸರಿನಕಿಂತ ಮೊದಲ ಹಾಕ್ರಿ. ಅಣ್ಣ ಅಲ್ಲೇನ್ರಿ ನನಗ?”

ಪ್ರೆಸ್ಸಿಗೆ ಬಂದರೆ ಆ ಪುಸ್ತಕದ ಮೊದಲ ಹಾಳೆಗಳು ಮಶೀನಿಗೆ ಹತ್ತಿದ್ದವು. “ನಿಲ್ಲಸ್ರಿ!” ಎಂದು ಬಾಗಿಲಿನಿಂದಲೇ ಕೂಗಿದೆ. ಮಾಲಕರು ಕನ್ನಡಕ ಏರಿಸಿಕೊಂಡು ಎದ್ದು ಬಂದರು. ಸಂಗತಿ ಹೇಳಿದೆ.

“ಕಾಗದ ಅದ ಏನು?”

“ಇಲ್ರಿ. ಹುಟ್ಟಿದ್ದೂ ಬರೆಸಿಲ್ಲ, ಸಾಲಿಗೂ ಹಚ್ಚಿಲ್ಲ.”

“ಬಾಯಿ?”

“ಒಂದೇರಿ.”

“ಮದುವಿ ಆಗದ ಕೂಸು. ಕಾಗದ ಇಲ್ಲ, ಒಂದೇ ಬಾಯಿ. ಕಟ್ಟಳೆ ನಿನಗ ಗೊತ್ತದ.”

ಅಷ್ಟು ವರ್ಷಗಳಲ್ಲಿ ಮಾಲಕರಿಗೆ ನಾನು ಎದುರು ಮಾತಾಡಿದ್ದು ಅದೊಂದೇ ಸಲ. “ಆ ಬಾಯಿ ಅರವತ್ತು ವರ್ಷ ಮುಚ್ಚಿಕೊಂಡಿತ್ರಿ. ಅದು ತಗದದ್ದು ನನ್ನ ಮುಂದ. ಅವರು ಹೇಳಿದ್ದು ಸರಿ ಇತ್ತು, ಕೆಡಿಸಿದ್ದು ನಾನು. ಈ ಹುಡುಗನ್ನ ಹಾಕೂದಿಲ್ಲ ಅಂದ್ರ ನನ್ನ ಹೆಸರೂ ಈ ಪ್ರೆಸ್ಸಿನ ಪಟ್ಟ್ಯಾಗ ಬ್ಯಾಡ್ರಿ.” ನನ್ನ ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆ.

ಮಾಲಕರು ಮಶೀನು ನಿಲ್ಲಿಸಲು ಕೈಸನ್ನೆ ಮಾಡಿದರು. ಮೇಜಿನ ಮೇಲೆ ವಂಶದ ಗಿಡದ ಹಾಳೆ ಬಿಡಿಸಿ, ಪೆನ್ಸಿಲ್ಲಿನಿಂದ ಬಸಣ್ಣನ ಹೆಸರನ್ನು ಬಲಕ್ಕೆ ಸರಿಸುವಂತೆ ಗುರುತು ಹಾಕಿ, ಎಡಕ್ಕೆ ಒಂದು ಗೆರೆ ಎಳೆದರು. ಆ ಗೆರೆಯ ಕೆಳಗೆ ಟೊಂಗೆ ಇರಲಿಲ್ಲ. “ಬರಿ. ಈ ಸಲ ತಿದ್ದಬ್ಯಾಡ” ಎಂದು ಪೆನ್ಸಿಲ್ ನನ್ನ ಕೈಗೆ ಕೊಟ್ಟರು. ಆಮೇಲೆ ನಮ್ಮ ಪ್ರೆಸ್ಸಿನ ಯಾವ ಪುಸ್ತಕದಲ್ಲೂ ಸತ್ತ ಮಕ್ಕಳನ್ನು ಬಿಟ್ಟಿಲ್ಲ. ಈಗ ನೀವು ಬಳಸುವ ಪ್ರಶ್ನೆಗಳ ಹಾಳೆಯಲ್ಲಿ ‘ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತಿದ್ದಿರಿ?’ ಎಂಬುದು ಎಲ್ಲಕ್ಕಿಂತ ಮೊದಲು ಇರುವುದು ಈ ಕಾರಣಕ್ಕೆ. ಅದನ್ನು ದಾಟಿಸಿ ಮುಂದೆ ಹೋಗಬೇಡಿ.

ಪುಸ್ತಕ ಕಟ್ಟಿ ಮುಗಿದ ದಿನ ಮೊದಲ ಪ್ರತಿಯನ್ನು ನಾನೇ ಒಯ್ದೆ. ನಾಗಮ್ಮನಿಗೆ ಓದಲು ಬರುವುದಿಲ್ಲ. ಪುಟ ತೆಗೆದು ಮುಂದಿಟ್ಟೆ.

“ಯಾವದ್ರಿ?”

ಬೆರಳಿಟ್ಟು ತೋರಿಸಿದೆ. ಅವರು ಆ ಅಕ್ಷರಗಳ ಮೇಲೆ ಕೈಯಾಡಿಸಿದರು. ಓದಿರಿ ಎಂದರು. ಓದಿದೆ: “ಅಂಬಾರಾಯ, ನಾಗಮ್ಮನ ಹಿರಿಯ ಮಗ. ಆರು ವರ್ಷದವನಿದ್ದಾಗ ಹಿರೋಳ್ಳಿಯ ಹೊಲದ ಬಾವಿಯಲ್ಲಿ ಹೋದ.”

ಅವರು ಅಷ್ಟಕ್ಕೆ ಬಿಡಲಿಲ್ಲ.

“ಓದಿದ್ರಿ. ಇನ್ನ ಒಮ್ಮೆ ಕರೀರಿ.”

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು: “ಆ ಹೆಸರ ಹಿಡದು ಅವನ್ನ ಯಾರೂ ಕರದಿಲ್ರಿ. ನನಗ ಅನ್ನಾಕ ಬರಂಗಿಲ್ಲ, ಕೇಳಾಕ ಬರ್ತದ. ಉಣ್ಣಾಕ ಕರದಂಗ ಒಮ್ಮೆ ಕರೀರಿ.”

ಹೊರಗೆ ಆಳಂದದ ಬಸ್ಸು ಹಾರ್ನ್ ಹೊಡೆಯಿತು. ಹೋದರೆ ಹೋಗಲಿ ಎಂದು ಎದ್ದು ಬಾಗಿಲಿಗೆ ಬಂದು ನಿಂತೆ. ಎದುರಿಗೆ ಖಾಲಿ ಅಂಗಳ, ಬಿಸಿಲು. ನಾಚುತ್ತ ಮೆಲ್ಲಗೆ “ಅಂಬಾರಾಯಾ” ಎಂದೆ.

“ಅಷ್ಟ ಸಣ್ಣ ದನಿಗೆ ಬರಂಗಿಲ್ರಿ ಅಂವ” ಎಂದರು ನಾಗಮ್ಮ ಹಿಂದಿನಿಂದ.

ಎದೆ ತುಂಬ ಉಸಿರೆಳೆದುಕೊಂಡೆ. ಓಣಿಯ ಕೊನೆಯವರೆಗೆ ಕೇಳುವ ಹಾಗೆ ಕೂಗಿದೆ.

“ಅಂಬಾರಾಯಾ... ಬಾರೋ!”

“ಓ” ಎಂದರು ನಾಗಮ್ಮ.